ಉಸಿರು ಅಳೆಯುತ್ತಿದ್ದ ಸಿಸ್ಟರಮ್ಮ

ಎದುರಿಗೆ ಕೂತವರು ಯಂತ್ರದ ಕೊಳವೆಗೆ ಊದುವಾಗ ಸಿಸ್ಟರಮ್ಮನ ಕೆನ್ನೆಯೂ ಉಬ್ಬುತ್ತಿತ್ತು. ಕುತ್ತಿಗೆಯ ನರ ಎದ್ದು ನಿಲ್ಲುತ್ತಿತ್ತು. ಬಲಗೈ ಆ ಮನುಷ್ಯನ ಬೆನ್ನ ಮೇಲೆ. "ಊದು, ಊದು, ಊದು, ಬಿಡಬ್ಯಾಡ!" ಕನ್ನಡ, ತಮಿಳು, ತೆಲುಗು ಮೂರಕ್ಕೂ 'ಊದು' ಎಂಬ ಆ ಒಂದೇ ಮಾತು ಸಾಕಾಗುತ್ತಿತ್ತು. ಹತ್ತು ಜನ ಮುಗಿಯುವಷ್ಟರಲ್ಲಿ ಆಕೆಗೇ ಏದುಸಿರು. "ನೀವ್ಯಾಕೆ ಊದ್ತೀರಿ?" ಎಂದರೆ, "ನಾನ್ ಸುಮ್ನಿದ್ರೆ ಅವ್ರೂ ಸುಮ್ನಿರ್ತಾರೆ ಕಣಮ್ಮಣ್ಣಿ" ಎನ್ನುತ್ತಿದ್ದರು.

ನೆನಪು ಆಕೆಗೆ ಬಿಳಿ ಸೀರೆ ಉಡಿಸುತ್ತದೆ. ನಂಬಬೇಡಿ. ನನ್ನ ಫೋನಿನಲ್ಲಿರುವ ಒಂದೇ ಫೋಟೋದಲ್ಲಿ ಇರುವುದು ಮೊಣಕೈ ಹರಿದ ಕಂದು ಸ್ವೆಟರ್, ಮತ್ತು ನನ್ನನ್ನು ಬೈಯಲು ತೆರೆದ ಬಾಯಿ.

ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂತರು. ನಾನು ಬಂಗಾರಪೇಟೆಯಿಂದ ಅಲ್ಲಿಗೆ ಹೋಗಿಬರುತ್ತಿದ್ದೆ. ನಮ್ಮ ತಂಡ ಕಂಪ್ಯೂಟರಿನಲ್ಲಿ ಶ್ವಾಸಕೋಶದ ಮಾದರಿಯೊಂದನ್ನು ಕಟ್ಟುತ್ತಿತ್ತು. ವಯಸ್ಸು, ಎತ್ತರ, ನೆಲದಡಿ ದುಡಿದ ವರ್ಷ, ಊದಿದ ಅಳತೆ ಇಷ್ಟನ್ನು ಕೊಟ್ಟರೆ, ಗಣಿಧೂಳು ಕೂತ ಎದೆ ಇನ್ನೆಷ್ಟು ಬೇಗ ಕೆಡಬಹುದೆಂದು ಅದು ಲೆಕ್ಕ ಹಾಕುತ್ತಿತ್ತು. ಹೆಚ್ಚು ಅಪಾಯದಲ್ಲಿರುವ ಹನ್ನೆರಡು ಮಂದಿಗೆ ಬೆಂಗಳೂರಿನ ಆಸ್ಪತ್ರೆಗೆ ಹೋಗುವ ವ್ಯಾನಿನಲ್ಲಿ ಜಾಗ. ಅಲ್ಲಿ ಸ್ಕ್ಯಾನು, ಔಷಧಿ, ಬೇಕಾದವರಿಗೆ ಮನೆಗೆ ಆಕ್ಸಿಜನ್ ಯಂತ್ರ. ಎರಡನೆಯ ವ್ಯಾನು ಯಾವಾಗ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಸಿಸ್ಟರಮ್ಮನ ಜೊತೆ ಕೆಲಸವೆಂದರೆ ದಿನಾ ತಲೆ ಚಚ್ಚಿಕೊಳ್ಳುವುದು. ಬರೆದುಕೊಳ್ಳಲು ಟ್ಯಾಬ್ ಕೊಟ್ಟೆ, ಅದರ ಮೇಲೆ ಟೀ ಲೋಟ ಇಟ್ಟರು. ಕಾಗದದ ಫಾರಂ ಕೊಟ್ಟೆ, ಅಂಚಿನ ತುಂಬಾ ಗೀಚಿದರು: 'ಬೆಳಿಗ್ಗೆಯಿಂದ ತಿಂದಿಲ್ಲ.' 'ಹೆಂಡತಿ ಜೊತೆ ಜಗಳ.' 'ಬೀಡಿ ಬಿಟ್ಟೆ ಅಂತಾನೆ, ಸುಳ್ಳು.'

"ಅಂಚಿನಲ್ಲಿ ಬರೆದದ್ದು ಕಂಪ್ಯೂಟರಿಗೆ ಹೋಗಲ್ಲ ಸಿಸ್ಟರಮ್ಮ."

"ಕಂಪ್ಯೂಟರಿಗೆ ಯಾರ್ ಬರ್ದ್ರು? ನಿಂಗೆ ಬರ್ದಿದ್ದು."

ನಾನು ಸಂಖ್ಯೆಗಳನ್ನಷ್ಟೇ ಎತ್ತಿಕೊಂಡೆ.

ಮಾದರಿ ಪಟ್ಟಿ ಕೊಟ್ಟಿತು. ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ಓದಿದರು.

"ಡ್ರಿಲ್ಲರ್ ಎಸರು ಎಲ್ಲೇ?" ಕೋರಮಂಡಲ್‌ನ ಕಾರ್ಮಿಕರ ಲೈನ್‌ಮನೆಯಲ್ಲಿದ್ದ, ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ಮುದುಕರೊಬ್ಬರನ್ನು ಆಕೆ ಕರೆಯುತ್ತಿದ್ದದ್ದೇ 'ಡ್ರಿಲ್ಲರ್' ಎಂದು.

"ಕೊನೆಯಲ್ಲಿದೆ. ಅವರ ಎದೆ ಗಟ್ಟಿ ಇದೆ, ಅಳತೆ ನೋಡಿ."

"ಗಟ್ಟಿ ಇರೋದು ಅವನ ತಮ್ಮನ ಎದೆ! ಊದಿದ್ದು ತಮ್ಮ ಅಂತ ಬರ್ದಿಲ್ವಾ? ನಿನ್ ಕಂಪ್ಯೂಟರಿಗೆ ಕಣ್ಣಿಲ್ಲ, ನಿಂಗೂ ಇಲ್ವಾ?"

ಫಾರಂ ಹುಡುಕಿ ತೆಗೆದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇತ್ತು. ನನಗೂ ರೇಗಿತು. ಕಣ್ಣೆದುರೇ ಬೇರೆಯವನು ಊದುತ್ತಿದ್ದರೆ ತಡೆಯಬೇಕೋ, ಬರೆದುಕೊಂಡು ಕೂರಬೇಕೋ? ಕೋರಮಂಡಲ್ ತನಕ ಆಟೋದಲ್ಲಿ ಜಗಳವಾಡಿದೆವು. ಅದರಲ್ಲಿ ನಾನು ಗೆದ್ದೆ ಎಂದು ನನ್ನ ನೆನಪು. ಅದನ್ನೂ ನಂಬಬೇಡಿ.

ಡ್ರಿಲ್ಲರ್ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ ಕೂತಿದ್ದರು. "ಬನ್ನಿ" ಎನ್ನಲು ಎರಡು ಸಲ ಉಸಿರು ತೆಗೆದುಕೊಂಡರು. ಮಾತಾಡಿದ್ದು ತಮ್ಮ.

"ಅಣ್ಣ ಊದಿದ್ರೆ ಫೇಲಾಗ್ತಾನೆ ಮೇಡಂ. ಫೇಲಾದ್ರೆ ಎಸರು ಕಿತ್ತಾಕ್ತೀರಲ್ಲ? ಗಣಿ ಇದ್ದಾಗ್ಲೂ ಇವನಿಗೆ ನಾನೇ ಊದ್ತಿದ್ದೆ."

"ಅಯ್ಯೋ, ಇಲ್ಲಿ ಫೇಲಾದವರನ್ನೇ ಮೊದಲು ಕರ್ಕೊಂಡು ಹೋಗೋದು!"

ಅವನು ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. "ಅದನ್ನ ಮೊದ್ಲೇ ಏಳ್ಬಾರ್ದಾ ಮೇಡಂ?"

"ಫಾರಂ ಜೊತೆ ಕೊಟ್ಟ ಮೂರು ಪುಟದಲ್ಲಿ ಬರೆದಿತ್ತಲ್ಲ."

"ಮೂರ್ ಪುಟ ಓದಕ್ಕೆ ಇವ್ನಿಗೆ ಉಸ್ರಿದ್ದಿದ್ರೆ ನಿನ್ ವ್ಯಾನ್ ಯಾಕೆ ಬೇಕಿತ್ತೇ?" ಸಿಸ್ಟರಮ್ಮ ಮತ್ತೆ ನನ್ನ ಮೇಲೇ ಬಿದ್ದರು.

ಆಮೇಲೆ ದನಿ ತಗ್ಗಿತು. ಗಣಿಯ ಕಾಲದ ಪರೀಕ್ಷೆಯಲ್ಲಿ ಸೋತವನನ್ನು ನೆಲದಡಿಯ ಕೆಲಸದಿಂದ ತೆಗೆಯುತ್ತಿದ್ದರಂತೆ. "ಆಗ್ಲೂ ಈ ತಮ್ಮ ಬಂದು ಊದಿದ್ದು ನೋಡ್ದೆ. ಕೆಲ್ಸ ಉಳೀಲಿ ಅಂತ ಬಾಯ್ ಮುಚ್ಕೊಂಡೆ, ಎಲ್ಲೂ ಬರೀಲಿಲ್ಲ. ಡ್ರಿಲ್ಲರ್ ಇನ್ನೂ ಎಷ್ಟೋ ವರ್ಷ ಕೆಳಗಿಳಿದ, ಧೂಳು ಕುಡ್ದ. ಅದ್ಕೇ ಈಗ ಎಲ್ಲಾ ಬರೀತೀನಿ. ಓದೋರು ಓದ್ತಾರೆ ಅಂದ್ಕೊಂಡೆ."

ಡ್ರಿಲ್ಲರ್ ಅಲ್ಲೇ, ಆ ಮಂಚದ ಮೇಲೇ ಊದಿದರು. ಯಂತ್ರದ ಪರದೆಯ ಗೆರೆ ಏಳಲೇ ಇಲ್ಲ. ಆ ಅಳತೆಯನ್ನು ಮಾದರಿಗೆ ಕೊಟ್ಟ ಕೂಡಲೇ ಅವರ ಹೆಸರು ಪಟ್ಟಿಯ ತಲೆಗೆ ಬಂತು. ವ್ಯಾನು ಹೊರಟಾಗ ಅವರು ಮುಂದಿನ ಸೀಟಿನಲ್ಲಿದ್ದರು. ಇದರಿಂದ ಜಾಗ ಕಳೆದುಕೊಂಡ ಮನುಷ್ಯನಿಗೆ ವಿಷಯ ತಿಳಿಸಿದ್ದು ಸಿಸ್ಟರಮ್ಮ. ನಾನು ಆಗ ಒಳಗೆ ಫಾರಂ ಜೋಡಿಸುತ್ತಿದ್ದಂತೆ ನಟಿಸುತ್ತಿದ್ದೆ.

ಕಳೆದ ವರ್ಷ ಆಕೆ ತೀರಿಕೊಂಡರು. ಶಾಂತವಾಗಿ ಹೋದರು ಎಂದರು ಮನೆಯವರು. ಶಾಂತವಾಗಿ ಒಂದು ಕೆಲಸವನ್ನಾದರೂ ಮಾಡಿದವರೇ ಅವರು?

ನಮ್ಮ ಫಾರಂನಲ್ಲಿ ಈಗ ಒಂದು ಪ್ರಶ್ನೆ ಹೆಚ್ಚಿದೆ: ಊದಿದವರು ಯಾರು? ಎಲ್ಲರೂ ಮೇಲಿನ ಹೆಸರನ್ನೇ ಮತ್ತೆ ಬರೆಯುತ್ತಾರೆ, ದಂಡ, ತೆಗೆದುಹಾಕು ಎಂದು ತಂಡದವರು ಗೊಣಗುತ್ತಾರೆ. ತೆಗೆದಿಲ್ಲ. ಹೋದ ತಿಂಗಳು ದೂರದ ಕಲ್ಲು ಕ್ವಾರಿಯೊಂದರಿಂದ ಬಂದ ಫಾರಂನಲ್ಲಿ ಆ ಪ್ರಶ್ನೆಯ ಮುಂದೆ 'ಮಗ' ಎಂದಿತ್ತು. ಅಳತೆ ಬಲು ಚೆನ್ನಾಗಿತ್ತು. ಅಲ್ಲಿನ ನರ್ಸಿಗೆ ಫೋನ್ ಮಾಡಿ, ಅಪ್ಪನ ಮನೆಗೆ ದಾರಿ ಯಾವುದೆಂದು ಕೇಳಿದೆ.