ಜಿಮ್ಮಿಯ ತುಪ್ಪಟ

ಶಾಂಭವಿ ದಾವಣಗೆರೆಯಲ್ಲಿ ಓದಿದವಳು. ಕೊಟ್ಟೂರಿಗೆ ಸೊಸೆಯಾಗಿ ಬಂದ ಮೇಲೆ, ಕುದಿಸಿದ ನೀರನ್ನೇ ಮತ್ತೆ ಕುದಿಸುವವಳೆಂದು ಓಣಿಯಲ್ಲೆಲ್ಲ ಹೆಸರಾದಳು. ಮಗಳು ಸೀನಿದರೂ ಅವಳ ಎದೆ ಡವಡವ. ತೊಂಬತ್ತೆಂಟರ ಬೇಸಿಗೆಯಲ್ಲಿ ಅವಳ ಜೀವ ಹಿಂಡಿದ್ದು ರಕ್ತ ಹೀರುವ ಉಣುಗು. ಗಂಡ ಬಳ್ಳಾರಿಯಿಂದ ತಂದ ಬಿಳಿ ಪಾಮೇರಿಯನ್ ನಾಯಿ ಜಿಮ್ಮಿಯ ಮೈತುಂಬ ಅವು ಹತ್ತಿದ್ದವು. ಮೂರು ವರ್ಷದ ಮಗಳಿಗೋ ಜಿಮ್ಮಿಯನ್ನು ತಬ್ಬದೆ ತುತ್ತು ಇಳಿಯದು, ನಿದ್ದೆ ಬಾರದು. ಆ ಹುಳ ಮಗುವಿಗೆ ಹತ್ತಿದರೆ? ದನದ ದವಾಖಾನೆಯ ಪುಡಿ ಹಾಕೋಣವೆಂದರೆ ಅದು ಮಗುವಿನ ಬಾಯಿಗೆ ಹೋದೀತೆಂಬ ಭಯ. ಬಾಚಣಿಗೆ ಆ ದಟ್ಟ ಕೂದಲೊಳಗೆ ಇಳಿಯುತ್ತಲೇ ಇರಲಿಲ್ಲ.

"ಕುರಿಗೆ ಹತ್ತಿದ್ರ ಏನ್ ಮಾಡ್ತಾರ? ತುಪ್ಪಟ ಕತ್ತರಿಸ್ತಾರ. ಯರ್ರೆಪ್ಪನ್ನ ಕರಸ್ತೀನಿ ತಡಿ," ಎಂದರು ಅತ್ತೆ ಕೊಟ್ರಬಸಮ್ಮ.

"ಇದು ಕುರಿ ಅಲ್ರೀ ಅತ್ತಿ!"

"ಕೂದಲಂದ್ರ ಕೂದಲಾ. ನಿಮ್ಮ ಬಳ್ಳಾರಿ ನಾಯಿಗೇನು ರೇಷ್ಮಿ ಬೆಳಿತೈತೇನ?"

ಬೇರೆ ದಾರಿ ಕಾಣಲಿಲ್ಲ. ಮಗಳು ಮಲಗಿದ್ದಾಗ ಕುರಿ ಸಾಕುವ ಯರ್ರೆಪ್ಪ ಬಂದ. ಜಿಮ್ಮಿಯ ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಅಂಗಳದಲ್ಲಿ ಕೆಡವಿ, ದೊಡ್ಡ ಕತ್ತರಿ ಹಿಡಿದ.

"ಮೆಲ್ಲಕರೀ ಯರ್ರೆಪ್ಪಣ್ಣ, ಚರ್ಮ ನೋಡ್ರಿ!"

"ಸುಮ್ಕಿರ್ರಿ ತಾಯಿ, ನೀವು ಹಿಂಗ ಒದರಿದ್ರ ನನ್ನ ಕೈ ನಡಗ್ತೈತಿ."

ನೋಡನೋಡುತ್ತ ತುಪ್ಪಟ ಬಿಳಿ ಕಂಬಳಿಯಂತೆ ಬಿಚ್ಚಿಕೊಂಡು ಬಂತು. ತುಪ್ಪಟ ಕತ್ತರಿಸಿದ ಕುರಿಗೆ ಗುರುತು ಹಾಕುವುದು ಯರ್ರೆಪ್ಪನ ರೂಢಿ. ಕೈ ತಡೆಯದೆ ಜಿಮ್ಮಿಯ ಬೆನ್ನಿಗೂ ಕೆಮ್ಮಣ್ಣಿನ ಗೆರೆ ಎಳೆದುಬಿಟ್ಟ. ಎದ್ದು ನಿಂತದ್ದು ಕಡ್ಡಿಕಾಲಿನ, ಗುಲಾಬಿ ಮೈಯ ಯಾವುದೋ ಪ್ರಾಣಿ.

ಅಷ್ಟರಲ್ಲಿ ಮಗಳು ಎದ್ದು ಬಂದಳು. ಜಿಮ್ಮಿ ಬಾಲ ಆಡಿಸುತ್ತ ಓಡಿತು. ಮಗು ಕಿಟಾರನೆ ಕಿರುಚಿತು.

"ಇದು ಬ್ಯಾಡ! ನನ್ ಜಿಮ್ಮಿ ಎಲ್ಲಿ?"

"ಇದಾ ಜಿಮ್ಮಿ, ಬಂಗಾರಿ..."

ಶಾಂಭವಿಯ ಮಾತು ಮಗು ಕೇಳಲಿಲ್ಲ. ಅಂಗಳದಲ್ಲಿ ಬಿಳಿ ರಾಶಿ ಕಂಡದ್ದೇ ತಡ, ಓಡಿ ಅದರ ಮೇಲೆ ಬಿದ್ದು ಮುಖ ಹುದುಗಿಸಿತು. "ಜಿಮ್ಮಿ..."

ಕೂದಲ ಜೊತೆಗೇ ಬಂದ ಉಣುಗೆಲ್ಲ ಅದರೊಳಗೇ ಇದ್ದವು. ಶಾಂಭವಿ ಎಳೆದಳು. ಅತ್ತೆ ಬೆಲ್ಲ ತೋರಿಸಿದರು. ಯರ್ರೆಪ್ಪ ಕುರಿಯಂತೆ ಅರಚಿ ನಗಿಸಲು ನೋಡಿದ. ಎಳೆದಷ್ಟೂ ಮಗು ಬಿಗಿಯಾಗಿ ತಬ್ಬಿತು. ಅತ್ತತ್ತು ಉಸಿರು ಹಿಡಿದು ತುಟಿ ನೀಲಿಯಾಯಿತು. ಶಾಂಭವಿ ಹೆದರಿ ಕೈಬಿಟ್ಟಳು.

ಮಗು ಉಸಿರೆಳೆದು ತುಪ್ಪಟದಲ್ಲೇ ಕಣ್ಣು ಮುಚ್ಚಿತು. ಜಿಮ್ಮಿ ದೂರದಲ್ಲಿ ನಡುಗುತ್ತ ನಿಂತಿತ್ತು. ಶಾಂಭವಿ ಪಕ್ಕದಲ್ಲಿ ಕುಕ್ಕರಿಸಿ, ಮಗಳ ಕತ್ತಿಗೆ ಹತ್ತುತ್ತಿದ್ದ ಉಣುಗನ್ನು ಕಿತ್ತಳು. ಕಿವಿಯ ಹಿಂದೆ ಇನ್ನೊಂದು ಹತ್ತುತ್ತಿತ್ತು.