ಅಕ್ಟೋಬರಿಗೆ ಕಾದ ಚಿಕ್ಕಮ್ಮ

ನನ್ನ ಚಿಕ್ಕಮ್ಮ ದರ್ಜಿ. ಬಾಯಿ ಕತ್ತರಿಗಿಂತ ಚುರುಕು. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುವ ಮೊದಲೇ ನಾಲ್ಕು ಮಾತು ಕೇಳಿಸಿಕೊಳ್ಳಬೇಕು.

ಪ್ರತಿ ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳಲ್ಲವೇ, ಆರೋಗ್ಯ ಕೇಂದ್ರಕ್ಕೆ ಗುಲಾಬಿ ರಿಬ್ಬನ್ ಹೊಲಿದುಕೊಡುವುದು ಅವಳೇ. ಅಲ್ಲಿನ ಶಿಬಿರದಲ್ಲಿ ನರ್ಸ್ ಒಬ್ಬರು ಸ್ನಾನ ಮಾಡುವಾಗ ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದು ಕಲಿಸಿದ್ದರು. ಹಾಗೆ ನೋಡಿಕೊಳ್ಳುವಾಗಲೇ ಒಂದು ಮಾರ್ಚ್‌ನಲ್ಲಿ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿತು.

ಸಿಕ್ಕಿದ ಮೇಲೆ ಏನು ಮಾಡಿದಳು? ಅಕ್ಟೋಬರ್ ಬರಲಿ ಎಂದು ಸುಮ್ಮನಾದಳು. ಆ ತಿಂಗಳಾದರೆ ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಹೋಗುತ್ತಾರೆ, ಯಾರೂ ಯಾರನ್ನೂ ಏಕೆ ಬಂದೆ ಎಂದು ಕೇಳುವುದಿಲ್ಲ. ಬೇರೆ ತಿಂಗಳಲ್ಲಿ ಒಬ್ಬಳೇ ಹೊರಟರೆ ಹತ್ತು ಜನಕ್ಕೆ ಉತ್ತರ ಹೇಳಬೇಕು. ನಮಗೂ ಹೇಳಲಿಲ್ಲ.

ಶಿಬಿರದ ಹೊತ್ತಿಗೆ ಗಂಟು ನೆಲ್ಲಿಕಾಯಿಯಷ್ಟಾಗಿ, ಕಂಕುಳಿಗೂ ಹಬ್ಬಿತ್ತು. ಡಾಕ್ಟರಮ್ಮ ಬೈಯಲಿಲ್ಲ. "ಮೊದ್ಲೇ ಬಂದಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ" ಎಂದರು, ಅಷ್ಟೇ. ಬಲಗಡೆಯ ಎದೆ ತೆಗೆದರು. ಕೂದಲು ಹೋಗಿ ಬಂತು. ಆಪರೇಷನ್ ಆದಮೇಲೆ ಬಲಗೈ ಊದಿಕೊಂಡು ಕತ್ತರಿ ಹಿಡಿಯಲಾಗದೆ, ಈಗ ಕತ್ತರಿಸುವ ಕೆಲಸ ನನ್ನದು. ಕಾಯಿಲೆ ಮರಳಿ ಬರುವುದಿಲ್ಲವೆಂದು ಯಾರೂ ಮಾತು ಕೊಟ್ಟಿಲ್ಲ.

ಹೋದ ವಾರ ಮತ್ತೆ ರಿಬ್ಬನ್ ಬಟ್ಟೆ ಬಂತು. ನನಗೆ ಮೈಯೆಲ್ಲ ಉರಿಯಿತು.

"ಇದನ್ನ ನಂಬ್ಕೊಂಡೇ ಅಲ್ವಾ ಚಿಕ್ಕಮ್ಮ ನೀನು ಕೆಟ್ಟಿದ್ದು? ಇನ್ನೂ ಹೊಲೀತೀಯಾ?"

"ಲೇ, ಈ ತಿಂಗ್ಳು ಇಲ್ದೆ ಇದ್ದಿದ್ರೆ ಗಂಟು ನನ್ನ ಕೈಗೇ ಸಿಗ್ತಿರ್ಲಿಲ್ಲ. ಹೇಳ್ಕೊಟ್ಟಿದ್ದು ಅವ್ರು, ಕಾದಿದ್ದು ನಾನು. ಬಾಯಿ ಮುಚ್ಕೊಂಡು ಕತ್ತರಿಸು."

ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅಮ್ಮ ತಲೆ ಎತ್ತದೆ ಮೆಲ್ಲಗೆ ಹೇಳಿದಳು, "ನಂಗೂ ಎಡಗಡೆ ಏನೋ ಗಟ್ಟಿ ತಗುಲ್ತಿದೆ ಕಣೇ. ಹೇಗೂ ಮುಂದಿನ ತಿಂಗ್ಳು ಶಿಬಿರ ಇದ್ಯಲ್ಲ, ತೋರಿಸೋಣ ಬಿಡು."

ಮಷಿನ್ ನಿಂತಿತು.

"ಅಕ್ಕ, ಚಪ್ಪಲಿ ಹಾಕ್ಕೋ."

"ಈಗ್ಲಾ? ಗಿರಾಕಿ ಬರ್ತಾರೆ."

"ಬರ್ಲಿ. ಹೊಸ ಬಟ್ಟೆ ಇಲ್ದೆ ಯಾರೂ ಸಾಯಲ್ಲ. ನಡಿ."

ದೊಡ್ಡಾಸ್ಪತ್ರೆಯ ಚೀಟಿ ಕೌಂಟರಿನವನು ಏನು ತೊಂದರೆ ಎಂದ. ಅಮ್ಮ ನೆಲ ನೋಡಿದಳು. ಚಿಕ್ಕಮ್ಮ ಇಡೀ ಸಾಲಿಗೆ ಕೇಳುವಂತೆ ಹೇಳಿದಳು, "ನಮ್ಮಕ್ಕನ ಎದೇಲಿ ಗಂಟಿದೆ. ಇವತ್ತೇ ನೋಡ್ಬೇಕು."

ಸೂಜಿ ಹಾಕಿ ಗಂಟಿನ ಚೂರನ್ನು ಪರೀಕ್ಷೆಗೆ ತೆಗೆದುಕೊಂಡಿದ್ದಾರೆ. ವರದಿ ಇನ್ನೂ ಬಂದಿಲ್ಲ. ಚಿಕ್ಕಮ್ಮ ಈಗ ಅಮ್ಮನ ಪಕ್ಕದಲ್ಲೇ ಹಾಸಿಕೊಂಡು ಮಲಗುತ್ತಾಳೆ.