ಮರಳು ಜರಡಿ ಹಿಡಿಯುವ ಶಂಕ್ರವ್ವ

ಶಂಕ್ರವ್ವ ನನ್ನ ಹೆಂಡತಿ. ಜೆ.ಪಿ. ನಗರದ ಒಂದು ಪ್ಲೇ ಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ಆಯಾ. ಬೆಳಿಗ್ಗೆ ಹೋದ ಕೂಡಲೇ ಅವಳ ಮೊದಲ ಕೆಲಸ ಮರಳು ಜರಡಿ ಹಿಡಿಯುವುದು. ಹಿಂದುಗಡೆ ಮಕ್ಕಳು ಆಡಲು ಮರಳು ಗುಂಡಿ ಇದೆ. ಬೆಕ್ಕು ಬಂದು ಹೊಲಸು ಮಾಡಿರುತ್ತದೆ. ಅದನ್ನು ತೆಗೆದು, ಕಲ್ಲು ಆರಿಸಿ, ನೀರು ಚಿಮುಕಿಸಿ, ಮಕ್ಕಳು ಬರುವ ಹೊತ್ತಿಗೆ ಸಮ ಮಾಡಿಡುತ್ತಾಳೆ.

ನಾನು ಯಲ್ಲಪ್ಪ. ಅದೇ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹುನಗುಂದದ ಕಡೆಯಿಂದ ಬಂದು ಬಿಟಿಎಂನಲ್ಲಿ ಒಂದು ರೂಮು ಮಾಡಿಕೊಂಡಿದ್ದೇವೆ.

ಮೊದಮೊದಲು ಅವಳೂ ನಗುತ್ತಿದ್ದಳು, ಅಷ್ಟು ಫೀಸು ಕಟ್ಟಿ ಮಕ್ಕಳನ್ನು ಮಣ್ಣಾಟಕ್ಕೆ ಕಳಿಸುತ್ತಾರಲ್ಲ ಎಂದು. ಆಮೇಲೆ ನೋಡುತ್ತಾ ನೋಡುತ್ತಾ ನಗು ನಿಂತಿತು. ಸುಮನ್ ಅಂತ ಒಬ್ಬ ಹುಡುಗ, ಹತ್ತಿರ ಬಂದವರನ್ನೆಲ್ಲ ಕಚ್ಚುತ್ತಿದ್ದನಂತೆ. ಮರಳಿನಲ್ಲಿ ಕೂತು ಕೂತು, ಒಂದೇ ಬಕೆಟ್ಟಿಗೆ ನಾಲ್ವರಿದ್ದಾಗ ಸರದಿ ಕಾಯುವುದನ್ನು ಕಲಿತ. ಮಗ್ಗಿಗೆ ಎಷ್ಟು ಲೋಟ ನೀರು ಹಿಡಿಯುತ್ತದೆ ಎಂದು ಸುರಿದು ಸುರಿದು ತಾನೇ ಕಂಡುಕೊಂಡ. ಇವಳು ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದಳು. ನಾನು ಊಟ ಮಾಡುತ್ತಾ ಹೂಂ ಅನ್ನುತ್ತಿದ್ದೆ.

ನಮ್ಮ ಮಗಳು ವಿಜಯಲಕ್ಷ್ಮಿಗೆ ಆಗ ಮೂರೂವರೆ ವರ್ಷ. ಶಂಕ್ರವ್ವ ಒಡೆದ ಟಬ್ಬಿಗೆ ಮರಳು ತುಂಬಿ ತಂದಿಟ್ಟಳು. ನಾಲ್ಕು ಕರಟ, ಒಂದು ಡಬ್ಬಿ ಹುಣಸೆ ಬೀಜ ಕೊಟ್ಟಳು. ವಿಜಿ ಕರಟ ಸಾಲಾಗಿ ಇಟ್ಟು, ಅಪ್ಪಗ, ಅವ್ವಗ, ತನಗ ಎಂದು ಬೀಜ ಬಡಿಸುತ್ತಿದ್ದಳು. ನನ್ನ ಕರಟಕ್ಕೆ ಒಂದು ಕಮ್ಮಿ ಬಿದ್ದರೆ ಎದ್ದು ಹೋಗಿ ಒಂದೇ ಒಂದು ಬೀಜ ತರುತ್ತಿದ್ದಳು. ಅದು ಲೆಕ್ಕ ಎಂದು ನನಗೆ ಗೊತ್ತಾಗಲಿಲ್ಲ.

ಪಕ್ಕದ ರೂಮಿನ ದುಂಡಪ್ಪನ ಮಗ ಎಬಿಸಿಡಿ ಹೇಳುತ್ತಿದ್ದ. ನಾನು ವಿಜಿಯನ್ನು ಅವನು ಹೋಗುವ ಕಾನ್ವೆಂಟಿಗೇ ಹಾಕಲು ಹೊರಟೆ. ಆ ಕಾನ್ವೆಂಟಿಗೆ ಎರಡೇ ರೂಮು, ಅಂಗಳ ಇಲ್ಲ, ದಿನಾ ನಾಲ್ಕು ಪುಟ ಹೋಂವರ್ಕ್. ಇನ್ನೆರಡು ವರ್ಷ ಆಡಿಕೊಂಡಿರಲಿ ಅಂದಳು ಶಂಕ್ರವ್ವ.

“ನಿನ್ ಸ್ಕೂಲಿನವು ಸಾವ್ಕಾರ್ರ ಮಕ್ಕಳು. ಹೆಂಗ್ ಆಡಿದ್ರೂ ನಡೀತೈತಿ,” ಅಂದೆ. “ನಿನ್ ಮಗಳೂ ಮುಂದ ಜರಡಿ ಹಿಡೀಬೇಕೇನ?”

“ಸಾವ್ಕಾರ್ರ ಮಕ್ಕಳ ಬೆರಳಿಗೇನ್ ಬ್ಯಾರೆ ಎಲುಬ್ ಇರ್ತಾವೇನ್ರಿ?”

ಮಾರನೇ ದಿನ ಟಬ್ಬು ಹೊತ್ತುಕೊಂಡು ಹೋಗಿ, ತಿರುವಿನಲ್ಲಿ ಕಟ್ಟುತ್ತಿದ್ದ ಮನೆಯ ಮರಳ ರಾಶಿಗೆ ಸುರಿದೆ. ಬೀಜದ ಡಬ್ಬಿಯನ್ನು ಅವಳು ಅಕ್ಕಿಯೊಳಗೆ ಬಚ್ಚಿಟ್ಟಿದ್ದಳು. ಹುಡುಕಿ ಅದನ್ನೂ ಎಸೆದೆ. ಆಗ ಅವಳು ಹೇಳಿದ್ದು ಇಷ್ಟೇ.

“ಮಂದಿ ಮಕ್ಕಳ್ನ ಆಡಸಾಕ್ ನನಗ ಪಗಾರ ಕೊಡ್ತಾರ. ನನ್ ಮಗಳ್ನ ಆಡಸಾಕ್ ಬೈಸ್ಕೋಬೇಕು.”

ವಿಜಿಯನ್ನು ಕಾನ್ವೆಂಟಿಗೆ ಸೇರಿಸಿದೆ. ದಿನಾ ಡ್ಯೂಟಿ ಮುಗಿಸಿ ಬಂದು, ಸ್ಕೇಲು ಹಿಡಿದು ಅವಳ ಮುಂದೆ ಕೂರುತ್ತಿದ್ದೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಸಾಲು ಡೊಂಕಾದರೆ ಮಾತ್ರ ಕಾಣುತ್ತಿತ್ತು. ಡೊಂಕಾದರೆ ಅಂಗೈ ಮೇಲೆ ಒಂದು ಏಟು. ನಾಲ್ಕು ವರ್ಷ ತುಂಬಿ ಸ್ವಲ್ಪ ದಿನಕ್ಕೆ ನೂರರವರೆಗೆ ಬರೆದಳು. ಆ ಪುಸ್ತಕವನ್ನು ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಂತು ಎಲ್ಲರಿಗೂ ತೋರಿಸಿದೆ.

ಈಗ ಅವಳಿಗೆ ಏಳು. ಎರಡನೇ ಕ್ಲಾಸು. ಮೂರು ಜನರಿಗೆ ಎರಡೆರಡು ಲಾಡು ಕೊಟ್ಟರೆ ಒಟ್ಟು ಎಷ್ಟು ಎಂದು ಕೇಳಿದರೆ, ಒಂದರಿಂದ ನೂರು ಬರೆದು ಕೊಡುತ್ತಾಳಂತೆ. ಮಿಸ್ ನನ್ನನ್ನು ಕರೆಸಿ ಹೇಳಿದರು.

ಹೋದ ಭಾನುವಾರ ಪ್ಲೇ ಸ್ಕೂಲಿನಲ್ಲಿ ಕ್ಲೀನಿಂಗ್ ಇತ್ತು. ಶಂಕ್ರವ್ವ ವಿಜಿಯನ್ನೂ ಕರೆದುಕೊಂಡು ಹೋದಳು. ಬೀರು ಸರಿಸಲು ನಾನೂ ಹೋಗಿದ್ದೆ. ಸ್ಕೂಲು ನಡೆಸುವ ದಿವ್ಯ ಮೇಡಂ ಮರಳು ಗುಂಡಿ ತೋರಿಸಿ, “ಹೋಗು ಪುಟ್ಟಾ, ಆಟ ಆಡ್ಕೋ,” ಅಂದರು.

ವಿಜಿ ಕೈ ಕಟ್ಟಿಕೊಂಡು ಅಂಚಿನಲ್ಲೇ ನಿಂತಳು. ಎಷ್ಟೋ ಹೊತ್ತಾದ ಮೇಲೆ ಕೇಳಿದಳು.

“ಏನ್ ಬರೀಬೇಕು ಮಿಸ್?”

ಮೇಡಂ ನನ್ನ ಕಡೆ ನೋಡಿದರು. ನಾನು ಬೀರು ಒರೆಸಿದೆ.

ವಿಜಿ ಒಂದು ಕಡ್ಡಿ ಹುಡುಕಿಕೊಂಡಳು. ಬಕೆಟ್ಟು, ಮಗ್ಗು ಎಲ್ಲ ಹೊರಗೆ ತೆಗೆದಿಟ್ಟು, ಮರಳಿನ ಮೇಲೆ ಒಂದು, ಎರಡು, ಮೂರು ಬರೆಯುತ್ತಾ ಹೋದಳು. ನಲವತ್ತಾರಕ್ಕೆ ಜಾಗ ಮುಗಿಯಿತು. ಸಾಲುಗಳು ನೆಟ್ಟಗಿದ್ದವು.

ಶಂಕ್ರವ್ವ ನೋಡುತ್ತಾ ನಿಂತಿದ್ದಳು. ಆಮೇಲೆ ಜರಡಿ ತಂದಳು. ನಾಳೆ ಹುಡುಗರು ಬರುತ್ತಾರೆ ಎಂದು ತನ್ನಷ್ಟಕ್ಕೆ ಅಂದುಕೊಂಡು, ಮರಳು ಕೆದರಿ ಸಮ ಮಾಡತೊಡಗಿದಳು.

ಬರೆದದ್ದೆಲ್ಲ ಅಳಿಸಿಹೋಯಿತು ಎಂದು ವಿಜಿ ಅತ್ತಳು. ಅಳುತ್ತಲೇ ನನ್ನ ಹತ್ತಿರ ಬಂದು, ನಾನು ಏನೂ ಕೇಳುವ ಮೊದಲೇ, ಅಂಗೈ ಚಾಚಿ ಹಿಡಿದಳು.